ಬಹುಪಥದ ಜ್ಯೇಷ್ಠತಾ ಪ್ರಕರಣ

ಮಾನ್ಯ ವಾಚಕ ಮಹೋದಯರೇ, ಈ ಕೆಳಗೆ ನಿವೇದಿಸಲಾಗುವ ವೃತ್ತಾಂತವು ಒಂದು ಯಂತ್ರಕ್ಕೆ ಸಂಬಂಧಿಸಿದ್ದೆಂದು ತಿಳಿದು ತಾವು ಹಾಳೆ ಮಗುಚಿಬಿಡಬಾರದೆಂದು ಆರಂಭದಲ್ಲಿಯೇ ಅರಿಕೆ ಮಾಡಿಕೊಳ್ಳುತ್ತೇನೆ. ಯಂತ್ರವು ಸರ್ವಥಾ ನಿರ್ದೋಷಿ. ದೋಷವೆಲ್ಲ ಎರಡು ಕಾಲಿನವರದು. ಆ ಎರಡು ಕಾಲಿನವರಲ್ಲಿ ನಾನೂ ಒಬ್ಬನೆಂದು ಈಗಲೇ ಒಪ್ಪಿಕೊಂಡುಬಿಡುತ್ತೇನೆ. ಹಾಗೆ ಮಾಡಿದರೆ ಉಳಿದವರನ್ನು ನಿರಾತಂಕವಾಗಿ ಬೈಯಲು ಅನುಕೂಲ.

ಒಂದೂರಿನಲ್ಲಿ ಒಂದು ವರ್ಷ ನಿಂತವನಲ್ಲ ನಾನು. ನನ್ನ ವಿದ್ಯಾಭ್ಯಾಸವೆಲ್ಲ ಬಸ್ ನಿಲ್ದಾಣಗಳ ಪುಸ್ತಕದ ಗಾಡಿಗಳ ಮುಂದೆ, ನಿಂತ ಕಾಲಿನಲ್ಲೇ ನಡೆದದ್ದು. ಪತ್ತೇದಾರಿ ಕಾದಂಬರಿಗಳ ರಾಶಿಯಲ್ಲಿ ಒಮ್ಮೆ ಲಿನಕ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆಯ ಕುರಿತ ದಪ್ಪ ಪುಸ್ತಕವೊಂದು ಸಿಕ್ಕಿತು. ರಟ್ಟು ಹರಿದಿದ್ದರಿಂದ ಅದೂ ಕೊಲೆಯ ಕಥೆಯೆಂದೇ ಓದತೊಡಗಿದೆ. ಅರವತ್ತು ಪುಟ ಕಳೆದರೂ ಹೆಣ ಬೀಳದಿದ್ದಾಗ ಅನುಮಾನ ಬಂದಿತಾದರೂ, ಅಷ್ಟರಲ್ಲಿ ಹುಚ್ಚು ಹಿಡಿದಾಗಿತ್ತು. ಎರಡೂ ಬಗೆಯ ಪುಸ್ತಕಗಳಲ್ಲಿ ತಿಳಿಯಬೇಕಾದ ಸಂಗತಿ ಒಂದೇ: ಆ ಕೋಣೆಗೆ ಯಾರು ಮೊದಲು ಬಂದರು, ಯಾರು ಆಮೇಲೆ ಬಂದರು. ಅದು ತಪ್ಪಿದರೆ ಎಲ್ಲವೂ ತಪ್ಪಿತು.

ಈ ವಿದ್ಯೆಯ ಬಲದಿಂದ, ಅದಕ್ಕಿಂತ ಹೆಚ್ಚಾಗಿ ಭಾವನ ಶಿಫಾರಸಿನ ಬಲದಿಂದ, ನಕ್ಷೆಗಳ ಕಚೇರಿಯಲ್ಲಿ ನನಗೆ ತಾತ್ಕಾಲಿಕ ಕೆಲಸವಾಯಿತು. ಮನೆ, ನಿವೇಶನ, ರಸ್ತೆ, ಚರಂಡಿಗಳ ನಕ್ಷೆಗಳೆಲ್ಲ ಅಲ್ಲಿಯ ದೊಡ್ಡ ಕಂಪ್ಯೂಟರ್ ಮಷಿನ್ನಿನ ವಶದಲ್ಲಿದ್ದವು. ಭಾವ ಅಲ್ಲಿ ಸೂಪರಿಂಟೆಂಡೆಂಟ್. ಭಾವ ಎಂದರೆ ಅಕ್ಕನ ಗಂಡ. ಅಕ್ಕ ಎಂದರೆ ಆ ಕಚೇರಿಯ ಹಿಂದಿನ ಸರ್ಕಾರಿ ವಸತಿಯಲ್ಲಿ, ಹನ್ನೊಂದು ವರ್ಷದಲ್ಲಿ ಒಂಬತ್ತನೆಯದಾದ ಮನೆಯಲ್ಲಿ, ಸೂಜಿದಾರ ಹಿಡಿದು ಕುಳಿತಿದ್ದವಳು.

ಆ ಸೂಜಿದಾರದ ವಿಷಯ ತಾವು ನೆನಪಿನಲ್ಲಿಡಬೇಕು. ಭಾವನಿಗೆ ವರ್ಗವಾದಂತೆಲ್ಲ ಅಕ್ಕನ ಪರದೆಗಳು ಒಂದೊಂದು ಮನೆಯಲ್ಲಿ ಒಂದೊಂದು ಅವತಾರ ತಾಳುತ್ತಿದ್ದವು. ಒಂದು ಕಿಟಕಿಗೆ ಮೊಣಕಾಲುದ್ದ, ಇನ್ನೊಂದಕ್ಕೆ ನೆಲ ಗುಡಿಸುವಷ್ಟು. ಎಂದೂ ಆಕೆ ಬಟ್ಟೆ ಕತ್ತರಿಸಿದವಳಲ್ಲ. ಮಡಿಚಿ ಪಿನ್ನು ಹಾಕುವಳು, ಮುಂದಿನ ಕಿಟಕಿ ಹೇಗಿರುತ್ತದೋ ಎಂದು. ಈ ಮನೆಯಲ್ಲಿ ಮೊದಲ ಬಾರಿಗೆ ಕಿಟಕಿಯ ಅಳತೆ ತೆಗೆದು ಕತ್ತರಿ ಹಾಕಿದ್ದಳು.

"ಕತ್ತರಿಸಿಬಿಟ್ಟಿದ್ದೀನಿ ಕಣೋ," ಎಂದಳು ಗುರುವಾರ ಸಂಜೆ, ಹಲ್ಲಿನಲ್ಲಿ ದಾರ ಕಡಿಯುತ್ತ. "ಇನ್ನು ನಿಮ್ಮ ಭಾವನಿಗೆ ಎಲ್ಲಿಗಾದ್ರೂ ವರ್ಗ ಆದ್ರೆ ಅವರೇ ಹೋಗ್ಲಿ. ನಾನು ಈ ಕಿಟಕಿ ಬಿಟ್ಟು ಬರಲ್ಲ."

"ಅಂಥದ್ದೇನೂ ಆಗಲ್ಲ," ಎಂದರು ಭಾವ, ಅಂಥದ್ದು ಆಗಿಯೇ ತೀರುತ್ತದೆಂಬ ಮುಖದಲ್ಲಿ. "ಸೋಮವಾರ ಹತ್ತು ಗಂಟೆಗೆ ತಪಾಸಣೆ. ಅದೊಂದು ಸರಿಯಾಗಿ ಆದ್ರೆ ಸಾಕು. ಏನಾದ್ರೂ ಹೆಚ್ಚುಕಮ್ಮಿ ಆದ್ರೆ, ಬಸ್ಸಿನ ಕಟ್ಟಕಡೆ ಸ್ಟಾಪಲ್ಲಿರೋ ಉಪಕಚೇರಿಗೆ ಒಬ್ಬ ಸೂಪರಿಂಟೆಂಡೆಂಟ್ ಬೇಕಾಗಿದೆ ಅಂತ ನಿರ್ದೇಶಕರು ಎರಡು ಸಲ ಹೇಳಿದಾರೆ. ನನ್ನ ಮುಖ ನೋಡ್ಕೊಂಡೇ ಹೇಳಿದ್ರು."

"ಮಷಿನ್ ನನ್ನ ಕೈಯಲ್ಲಿದೆ ಭಾವ. ನೀವು ನಿಶ್ಚಿಂತೆಯಿಂದಿರಿ," ಎಂದೆ.

"ಅದಕ್ಕೇ ಚಿಂತೆ," ಎಂದಳು ಅಕ್ಕ.

ಈಗ ಯಂತ್ರದ ವಿಷಯ ಎರಡು ಮಾತು. ಎರಡಕ್ಕಿಂತ ಹೆಚ್ಚಾದರೆ ಮನ್ನಿಸಬೇಕು. ಮಷಿನ್ನು ಒಂದು ಕೋಣೆಯಲ್ಲಿ. ನಕ್ಷೆಗಳನ್ನು ತುಂಬಿಟ್ಟ ಡಿಸ್ಕುಗಳ ಪೆಟ್ಟಿಗೆ ಪಕ್ಕದ ಕೋಣೆಯಲ್ಲಿ. ನಡುವೆ ಎರಡು ಕೇಬಲ್ಲು, ಒಂದು ಕೈಕೊಟ್ಟರೆ ಇನ್ನೊಂದಿರಲಿ ಎಂದು. ಆದರೆ ಮಷಿನ್ನು ಮಹಾಮುಗ್ಧ. ಒಬ್ಬನೇ ಮನುಷ್ಯನನ್ನು ಎರಡು ಕಿಟಕಿಗಳಿಂದ ನೋಡಿ, ಒಳಗೆ ಇಬ್ಬರಿದ್ದಾರೆಂದು ನಂಬುವ ಸ್ವಭಾವ ಅದರದು. "ಅಯ್ಯಾ, ದಾರಿ ಎರಡು, ಪೆಟ್ಟಿಗೆ ಒಂದೇ" ಎಂದು ಅದಕ್ಕೆ ತಿಳಿಹೇಳಲು ಮಲ್ಟಿಪಾತ್ ಎಂಬ ಪ್ರೋಗ್ರಾಂ ಇದೆ. ಅದು ಎರಡು ದಾರಿಗಳನ್ನೂ ಹಿಡಿದು ಒಂದು ಮಾಡಿದ ಮೇಲೆಯೇ ಬೇರೆಯವರು ಪೆಟ್ಟಿಗೆಗೆ ಕೈ ಹಾಕಬೇಕು. ಅದಕ್ಕೆ ಮುಂಚೆ ಹಾಕಿದರೆ, ಒಂದೇ ಕೇಬಲ್ಲಿಗೆ ಜೋತುಬೀಳುತ್ತಾರೆ. ಆ ಕೇಬಲ್ಲು ಹೋಯಿತೋ, ಅವರೂ ಹೋದರು. ಆದ್ದರಿಂದ ಮಷಿನ್ನು ಎದ್ದಾಗ ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂದು ಪ್ರತಿಯೊಂದು ಪ್ರೋಗ್ರಾಮಿನ ಆರಂಭದ ಸ್ಕ್ರಿಪ್ಟಿಗೂ, ಎಂದರೆ ಅದನ್ನು ಎಬ್ಬಿಸುವ ಆಜ್ಞೆಗಳ ಪಟ್ಟಿಗೂ, ಒಂದು ಸಂಖ್ಯೆ ಕೊಟ್ಟಿರುತ್ತದೆ. ಸಣ್ಣ ಸಂಖ್ಯೆಯದು ಮೊದಲು ಏಳುತ್ತದೆ. ಇಷ್ಟೇ.

ನಾನು ಆ ಕ್ರಮವನ್ನು ಕೂದಲೆಳೆಯಷ್ಟೂ ತಪ್ಪಿಲ್ಲದೆ ಕೂಡಿಸಿದೆ. ಅಲ್ಲಿಗೆ ನಿಲ್ಲಿಸಿದ್ದರೆ ಈ ಕಥೆ ಇರುತ್ತಿರಲಿಲ್ಲ. ಆದರೆ ಮಾಡಿದ ಕೆಲಸ ನಾಲ್ಕು ಜನರ ಕಣ್ಣಿಗೆ ಬೀಳಲಿ ಎಂಬ ದುರಾಸೆ ನನ್ನ ಕುತ್ತಿಗೆಯ ಮೇಲೆ ಕುಳಿತಿತು. 'ಆರಂಭಿಕ ಕ್ರಮಾವಳಿ' ಎಂಬ ತಲೆಬರಹದಡಿ, ಮಲ್ಟಿಪಾತನ್ನು ಗಂಭೀರವಾಗಿರಲೆಂದು 'ಬಹುಪಥ' ಮಾಡಿ, ದಪ್ಪ ಅಕ್ಷರಗಳಲ್ಲಿ ಹೀಗೆ ಬರೆದೆ: ಬಹುಪಥ ಆರು, ಟಪಾಲು ಇಪ್ಪತ್ತೈದು, ನಕ್ಷೆ ನಲವತ್ತು, ಹಾಜರಿ ಅರವತ್ತು, ನಿರ್ದೇಶಕರ ದೈನಿಕ ವರದಿ ತೊಂಬತ್ತು. ಭಾವನ ಮೇಜಿನ ಮೇಲಿದ್ದ ಕಚೇರಿಯ ಮೊಹರನ್ನೂ ಒತ್ತಿದೆ. ಸೂಚನಾ ಫಲಕದಲ್ಲಿ ಗಾಜಿನ ಚೌಕಟ್ಟೊಂದು ಖಾಲಿ ಇತ್ತು, ಅದರಲ್ಲಿ ಅಂಟಿಸಿದೆ.

ಆ ಚೌಕಟ್ಟಿನಲ್ಲಿ ಆರು ತಿಂಗಳ ಹಿಂದಿನವರೆಗೆ ಸಿಬ್ಬಂದಿಯ ಸೇವಾ ಜ್ಯೇಷ್ಠತಾ ಪಟ್ಟಿ ಇತ್ತೆಂದೂ, ಅದರ ಸಲುವಾಗಿ ಇಬ್ಬರು ಮುಖ್ಯಸ್ಥರು ಪರಸ್ಪರ ಮಾತು ಬಿಟ್ಟು ಮೂವರು ಕೋರ್ಟಿಗೆ ಹೋಗಿದ್ದರೆಂದೂ, ಹೊಸ ಪಟ್ಟಿಗಾಗಿ ಇಡೀ ಕಚೇರಿ ಉಸಿರು ಬಿಗಿಹಿಡಿದು ಕಾಯುತ್ತಿತ್ತೆಂದೂ ನನಗೆ ಹೇಳಿದ ಮಹಾನುಭಾವರು ಯಾರೂ ಇರಲಿಲ್ಲ.

ಶುಕ್ರವಾರ ಹನ್ನೊಂದಕ್ಕೆ ಫಲಕದ ಮುಂದೆ ಕಾಲಿಡಲು ಜಾಗವಿಲ್ಲ. ನಕ್ಷೆ ವಿಭಾಗದ ಮುಖ್ಯಸ್ಥರು ಕಿಸೆಯಲ್ಲಿ ಸದಾ ಅಳತೆಪಟ್ಟಿ ಇಟ್ಟುಕೊಂಡಿರುತ್ತಿದ್ದುದರಿಂದ ಅವರಿಗೆ ಅದೇ ಹೆಸರು ನಿಂತಿತ್ತು. ಅವರು ಗಾಜಿಗೆ ಮೂಗು ತಾಗಿಸಿ ನಿಂತಿದ್ದರು.

"ಇಪ್ಪತ್ತೆಂಟು ವರ್ಷ ಸರ್ವಿಸು ನನಗೆ," ಎಂದರು. "ಟಪಾಲು ಇಪ್ಪತ್ತೈದು, ನಾನು ನಲವತ್ತು. ಅಂಚೆಚೀಟಿ ನೆಕ್ಕೋರು ನನಗಿಂತ ಮುಂದೆ."

"ನೆಕ್ಕೋದು ಯಾರು ಅಂತ ನಿರ್ದೇಶಕರ ಬಾಗಿಲ ಹತ್ರ ನಿಂತ್ರೆ ಗೊತ್ತಾಗುತ್ತೆ," ಎಂದರು ಟಪಾಲು ವಿಭಾಗದ ಮೇಡಂ. "ನಂದು ಬಿಡಿ. ಈ ಬಹುಪಥ ವಿಭಾಗ ಯಾವಾಗ ಶುರುವಾಯ್ತು? ಎದ್ದ ತಕ್ಷಣ ಆರನೇ ನಂಬರು. ಮುಖ್ಯಸ್ಥ ಯಾರು?"

ಎಲ್ಲರೂ ನನ್ನತ್ತ ತಿರುಗಿದರು.

"ಅದು ವಿಭಾಗವೇ ಅಲ್ಲ. ಮಷಿನ್ನಿನೊಳಗಿನ ಒಂದು—"

"ಒಳಗಿನದೇ," ಎಂದರು ಅಳತೆಪಟ್ಟಿ, ಅಪರಾಧಿಯನ್ನು ಹಿಡಿದ ಪತ್ತೇದಾರನಂತೆ. "ಒಳಗಿಂದೊಳಗೇ ನಡೆದಿದೆ. ಭಾವ ಮೊಹರು ಒತ್ತಿದಾರೆ, ಭಾಮೈದ ವಿಭಾಗ ತೆರೆದಿದಾನೆ. ಬಂದು ಎರಡು ತಿಂಗಳಾಗಿಲ್ಲ."

ಮಧ್ಯಾಹ್ನದ ಹೊತ್ತಿಗೆ ಬಹುಪಥ ವಿಭಾಗಕ್ಕೆ ನಾಲ್ಕು ಹುದ್ದೆ ಮಂಜೂರಾಗಿದ್ದವು. ಎರಡು ಗಂಟೆಗೆ ಅದು ಹನ್ನೆರಡಾಯಿತು. ಮೂರಕ್ಕೆ, ತಾವು ಕೂರುವ ಮೇಲಿನ ಕೋಣೆಯನ್ನು ಅದಕ್ಕಾಗಿ ತೆರವು ಮಾಡುತ್ತಾರೆಂದು ಹಾಜರಿಯವರು ತಮ್ಮ ಕುರ್ಚಿಗೆ ಸರಪಳಿ ಹಾಕಿ ಮೇಜಿಗೆ ಬಿಗಿದರು. ನಾನು ಕೋಣೆಯಿಂದ ಕೋಣೆಗೆ ಓಡಾಡಿ ಎರಡು ಕಿಟಕಿಯ ದೃಷ್ಟಾಂತ ಹೇಳುತ್ತಲೇ ಇದ್ದೆ. ಅದರ ಫಲವಾಗಿ ಹೊಸ ವಿಭಾಗಕ್ಕೆ ಎರಡು ಕಿಟಕಿಯ ಕೋಣೆ ಬೇಕಂತೆ ಎಂಬ ಸುದ್ದಿ ಹಬ್ಬಿತು.

ನಿರ್ದೇಶಕರ ಮುಂದೆ ನಿಯೋಗ ಹೋಯಿತು. ನಿರ್ದೇಶಕರು ತಮಗೆ ತಿಳಿಯದ ವಿಷಯ ಜಗತ್ತಿನಲ್ಲಿದೆಯೆಂದು ಎಂದೂ ಒಪ್ಪಿದವರಲ್ಲ.

"ಬಹುಪಥದ ಫೈಲು ನನ್ನ ಗಮನದಲ್ಲಿದೆ," ಎಂದರು. ಬಳಿಕ ಪಟ್ಟಿ ತರಿಸಿ ನೋಡಿದರು. ಅವರ ಬೆರಳು ನಿಧಾನವಾಗಿ ಕೆಳಗಿಳಿದು ಕಟ್ಟಕಡೆಯ ಸಾಲಿನಲ್ಲಿ ನಿಂತಿತು. "ಸೂಪರಿಂಟೆಂಡೆಂಟರೇ. ನಾನು ತೊಂಬತ್ತಾ?"

"ಅದು ತಮ್ಮ ವರದಿ ಸರ್," ಎಂದರು ಭಾವ, ಬೆವರಿನ ನಡುವಿನಿಂದ. "ಎಲ್ಲ ವಿಭಾಗಗಳೂ ಎದ್ದಮೇಲೆ ಅವುಗಳ ಲೆಕ್ಕ ತಗೊಂಡು..."

"ಹಾಜರಿಯ ಆಮೇಲೆ ನಾನು?"

ಅರ್ಧ ಗಂಟೆಯಲ್ಲಿ ಆದೇಶ ಸಿದ್ಧವಾಯಿತು: ಕ್ರಮಾವಳಿಯನ್ನು ಸೇವಾ ಜ್ಯೇಷ್ಠತೆಯ ಅನುಸಾರ ತಿದ್ದತಕ್ಕದ್ದು, ನಿರ್ದೇಶಕರ ವರದಿ ಒಂದು, ನಕ್ಷೆ ಎರಡು, ಟಪಾಲು ಮೂರು, ಹಾಜರಿ ನಾಲ್ಕು, ಬಹುಪಥವು ತೀರಾ ಇತ್ತೀಚಿನದಾಗಿರುವುದರಿಂದ ಅದನ್ನು ತೊಂಬತ್ತೊಂಬತ್ತರಲ್ಲಿ ಇರಿಸತಕ್ಕದ್ದು. ನಿರ್ದೇಶಕರು ಯಾವ ಆದೇಶಕ್ಕೂ ತಾವೇ ಸಹಿ ಹಾಕುವ ಪದ್ಧತಿ ಇಟ್ಟುಕೊಂಡಿರಲಿಲ್ಲ. 'ನಿರ್ದೇಶಕರ ಪರವಾಗಿ' ಎಂದು ಭಾವ ಹಾಕಿದರು. ಇರುವುದೊಂದೇ ಪ್ರತಿ, ಅದನ್ನು ನನ್ನ ಕೈಗೆ ತುರುಕಿದರು.

"ಭಾವ, ಬಾಗಿಲು ತೆಗೆಯೋನನ್ನ ಕೊನೆಗೆ ಕರೆಸಿದ ಹಾಗಾಗುತ್ತೆ ಇದು. ಒಂದು ಕೇಬಲ್ಲು ಅಲುಗಾಡಿದ್ರೆ ನಕ್ಷೆಗಳೆಲ್ಲ ಮಾಯ."

"ಕೇಬಲ್ ಯಾಕೆ ಅಲುಗಾಡುತ್ತೆ? ನೀನು ಮುಟ್ಟಬೇಡ, ನಾನು ಮುಟ್ಟಲ್ಲ. ತಪಾಸಣೆ ಮುಗೀಲಿ, ಮಂಗಳವಾರ ನಿನ್ನ ಬಹುಪಥನ್ನ ನೆತ್ತಿ ಮೇಲೆ ಕೂರಿಸ್ಕೋ."

"ಇದು ಮೂರ್ಖತನ ಭಾವ."

"ಗೊತ್ತು ಕಣಯ್ಯ. ನಿಮ್ಮಕ್ಕ ಪರದೆ ಕತ್ತರಿಸಿದಾಳೆ. ನಾನು ಮೂರ್ಖನಾಗ್ದೆ ಇನ್ನೇನಾಗ್ಲಿ?"

ನನಗೆ ಬಂದ ಸಿಟ್ಟನ್ನು ವರ್ಣಿಸಲು ಭಾಷೆಗೆ ಶಕ್ತಿಯಿಲ್ಲ. ಇದ್ದರೂ ಅದು ಮುದ್ರಣಯೋಗ್ಯವಲ್ಲ. ಶನಿವಾರ ಬೆಳಿಗ್ಗೆ ಒಂದೊಂದು ಕೀಲಿಯನ್ನೂ ಹಲ್ಲಿನ ನೋವಿರುವವನಂತೆ ಒತ್ತಿ, ಸಂಖ್ಯೆಗಳನ್ನು ತಿದ್ದಿ, ಮಷಿನ್ನನ್ನು ನಿಲ್ಲಿಸಿ ಮತ್ತೆ ಎಬ್ಬಿಸಿದೆ. ಅದು ಹಾಳಾಗಲೆಂದು ಮನಸಾರೆ ಹಾರೈಸಿದೆ. ಹಾಳಾಗಲಿಲ್ಲ. ಹಾಳಾಗಬೇಕಾದ ಹೊತ್ತಿಗಾಗಿ ಕಾಯುವ ತಾಳ್ಮೆ ಯಂತ್ರಗಳಿಗಿದೆ.

ನಿರ್ದೇಶಕರ ವರದಿ ಮೊದಲನೆಯದಾಗಿ ಎದ್ದಿತು. ಅದು ಎದ್ದಾಗ ಬೇರಾರೂ ಎದ್ದಿರಲಿಲ್ಲವಾದ್ದರಿಂದ ಎಲ್ಲ ಸಾಲುಗಳಲ್ಲೂ ಸೊನ್ನೆ. ದೂರುಗಳು ಸೊನ್ನೆ, ಬಾಕಿ ಅರ್ಜಿ ಸೊನ್ನೆ, ವಿಳಂಬ ಸೊನ್ನೆ. ನಿರ್ದೇಶಕರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

"ನೋಡಿದ್ರಾ? ಕ್ರಮ ಸರಿ ಮಾಡಿದ ಒಂದೇ ದಿನಕ್ಕೆ ಒಂದೂ ದೂರಿಲ್ಲ."

ಅಷ್ಟರಲ್ಲಿ ಕಂಪ್ಯೂಟರ್ ಪರದೆಯ ಮೂಲೆಯಲ್ಲಿ ಡಿಸ್ಕಿನ ಪೆಟ್ಟಿಗೆಗಳ ಸಂಖ್ಯೆ ಅವರ ಕಣ್ಣಿಗೆ ಬಿತ್ತು. "ಪೆಟ್ಟಿಗೆ ಎಷ್ಟಿದಾವೆ ನಮ್ಮಲ್ಲಿ?"

"ಒಂದು ಸರ್," ಎಂದೆ.

"ಎರಡು ತೋರಿಸ್ತಿದೆ."

"ಅದು ಸುಳ್ಳು ಸರ್. ಒಂದನ್ನೇ ಎರಡು ಸಲ ನೋಡ್ತಿದೆ. ತಿಳಿಹೇಳಬೇಕಾದವನು ತೊಂಬತ್ತೊಂಬತ್ತನೇ ನಂಬರಲ್ಲಿ ನಿಂತಿದ್ದ. ಅವನು ಬರೋಷ್ಟರಲ್ಲಿ ನಕ್ಷೆ ವಿಭಾಗ ಒಂದು ಕೇಬಲ್ಲನ್ನ ಅಪ್ಪಿಕೊಂಡು ಕೂತಿದೆ, ಬಿಡ್ತಾ ಇಲ್ಲ."

ನಿರ್ದೇಶಕರು ನನ್ನನ್ನು ದಯೆಯಿಂದ ನೋಡಿದರು. "ಮಷಿನ್ನು ಸುಳ್ಳು ಹೇಳುತ್ತೆ, ನೀವು ನಿಜ ಹೇಳ್ತೀರಿ. ಆಗ್ಲಿ." ಅಂದೇ ಕೇಂದ್ರ ಕಚೇರಿಗೆ ಪತ್ರ ಹೋಯಿತು, ಆಡಳಿತಾತ್ಮಕ ದಕ್ಷತೆಯಿಂದ ಸಂಗ್ರಹ ಸಾಮರ್ಥ್ಯವನ್ನು ದ್ವಿಗುಣಗೊಳಿಸಲಾಗಿದೆ ಎಂದು.

ಸೋಮವಾರ ಹತ್ತಕ್ಕೆ ತಪಾಸಣೆಯ ಅಧಿಕಾರಿ ಬಂದರು: ಗಿಡ್ಡನೆಯ, ದಪ್ಪ ಕನ್ನಡಕದ ಹೆಂಗಸು, ಕಂಕುಳಲ್ಲಿ ಒಂದು ನೋಟುಬುಕ್ಕು, ಮುಖದಲ್ಲಿ ಯಾರನ್ನೂ ನಂಬಿ ಅಭ್ಯಾಸವಿಲ್ಲದ ಭಾವ. ಕಚೇರಿಯ ಸಮಸ್ತರೂ ಮಷಿನ್ನಿನ ಕೋಣೆಯಲ್ಲಿ ನೆರೆದಿದ್ದರು. ಬಾಗಿಲ ಬಳಿ ಬೀಗದ ತಾತ ನಿಂತಿದ್ದ. ಇಡೀ ಕಟ್ಟಡದ ಕೀಲಿಗೊಂಚಲು ಸೊಂಟದಲ್ಲಿದ್ದುದರಿಂದ ಆತನಿಗೆ ಆ ಹೆಸರು.

"ನನ್ನ ಮನೆಯ ನಕ್ಷೆ ತೋರಿಸಿ," ಎಂದರು ಆಕೆ. ಅಳತೆಪಟ್ಟಿಯವರು ತೋರಿಸಿದರು. ಮನೆ, ಕಾಂಪೌಂಡು, ಬಾವಿ, ಎಲ್ಲವೂ ಪರದೆಯ ಮೇಲೆ ಸ್ಪಷ್ಟವಾಗಿ ಮೂಡಿದವು. ಆಕೆ ಬಾಗಿ ನೋಡಿ, ತಲೆಯಾಡಿಸಿ, ನೋಟುಬುಕ್ಕಿನಲ್ಲಿ ಗುರುತು ಹಾಕಿಕೊಂಡರು. ಭಾವ ಮೂರು ದಿನದಿಂದ ಹಿಡಿದಿಟ್ಟಿದ್ದ ಉಸಿರನ್ನು ಬಿಟ್ಟರು.

ಬಿಡಬಾರದಿತ್ತು. ಯಾಕೆಂದರೆ ನಿರ್ದೇಶಕರು ಬೆಳಗಿನ ಹೊತ್ತು ಪೆಟ್ಟಿಗೆಯ ಜೊತೆ ಬಂದ ಕಾಗದಗಳನ್ನು ಓದಿದ್ದರು.

"ಇನ್ನೊಂದು ವಿಶೇಷ ಇದೆ ಮೇಡಂ," ಎಂದು ಅವರು ಗೋಡೆಯ ಬಳಿ ಹೋದರು. "ಎರಡು ಕೇಬಲ್ಲು. ಒಂದನ್ನ ಕಿತ್ತರೂ ನಮ್ಮ ಕೆಲಸ ನಿಲ್ಲೋದಿಲ್ಲ. ನೋಡಿ."

"ಸರ್, ಬೇಡ," ಎಂದೆ.

"ಸರ್," ಎಂದರು ಭಾವ.

ನಿರ್ದೇಶಕರು ಕಿತ್ತರು. ಎರಡರಲ್ಲಿ ಅವರು ಕಿತ್ತದ್ದು ನಕ್ಷೆ ವಿಭಾಗ ಅಪ್ಪಿಕೊಂಡಿದ್ದ ಕೇಬಲ್ಲನ್ನೇ ಎಂದು ಬೇರೆ ಹೇಳಬೇಕಾಗಿಲ್ಲ. ಮೊದಲು ಬಾವಿ ಹೋಯಿತು. ಆಮೇಲೆ ಕಾಂಪೌಂಡು. ಆಮೇಲೆ ಮನೆ. ಕೊನೆಗೆ ಪರದೆಯ ಮೇಲೆ ಅಕ್ಕಿಕಾಳಿನಂಥ ಸಣ್ಣ ಅಕ್ಷರಗಳು ದೋಷ ದೋಷ ಎಂದು ಕೆಳಗಿಳಿಯತೊಡಗಿದವು.

"ನನ್ನ ಮನೆ ಎಲ್ಲಿ?" ಎಂದರು ತಪಾಸಣೆಯವರು.

ಅಳತೆಪಟ್ಟಿಯವರು ಕೀಲಿಮಣೆಯನ್ನು ತಟ್ಟಿ ನೋಡಿದರು.

"ಹದಿನಾರು ವರ್ಷದಿಂದ ಇರೋ ಮನೆ. ಎಲ್ಲಿ ಹೋಯ್ತು?"

"ಇನ್ನೊಂದು ಪೆಟ್ಟಿಗೆಯಲ್ಲಿರುತ್ತೆ," ಎಂದರು ನಿರ್ದೇಶಕರು ಕೇಬಲ್ಲನ್ನು ಬೆನ್ನ ಹಿಂದೆ ಮರೆಮಾಡುತ್ತ. "ಸೂಪರಿಂಟೆಂಡೆಂಟರೇ, ಇದೇನಿದು? ಉಪಕಚೇರಿ ವಿಷಯ ನಾನು ಸುಮ್ಮನೆ ಹೇಳಿರ್ಲಿಲ್ಲ."

ಭಾವನ ಮುಖ ಸುಣ್ಣದ ಗೋಡೆಯಂತಾಯಿತು. ಆ ಮುಖದಲ್ಲಿ ನನಗೆ ಅಕ್ಕನ ಕತ್ತರಿಸಿದ ಪರದೆ ಕಂಡಿತು; ಕಟ್ಟಕಡೆಯ ಸ್ಟಾಪಿನ ಯಾವುದೋ ಕಿಟಕಿಗೆ ಅದು ಒಂದು ಗೇಣು ಗಿಡ್ಡವಾಗಿ ಜೋತಾಡುವುದೂ ಕಂಡಿತು. ಆಗ ನನ್ನ ಬಾಯಿಯ ಬೀಗ ಕಳಚಿತು.

"ಎಲ್ಲರೂ ಸ್ವಲ್ಪ ಬಾಯಿ ಮುಚ್ಚಿ," ಎಂದೆ. "ತಾತ, ಇಲ್ಲಿ ಬಾ. ಬೆಳಿಗ್ಗೆ ಎಷ್ಟೊತ್ತಿಗೆ ಬರ್ತೀಯ?"

"ಏಳೂವರೆಗೆ ಸ್ವಾಮಿ."

"ಟಪಾಲು ಮೇಡಂ?"

"ಹತ್ತಕ್ಕೆ."

"ನಕ್ಷೆಯವರು?"

"ಹತ್ತೂಕಾಲು. ಒಂದೊಂದ್ಸಲ ಹತ್ತೂಮುಕ್ಕಾಲು."

"ನಿರ್ದೇಶಕರು?"

ತಾತ ಯೋಚಿಸಿದ. "ಬರ್ತಾರೆ," ಎಂದ.

"ನೀನು ಏಳೂವರೆಗೆ ಬರ್ತೀಯಲ್ಲ, ಇವರಿಗಿಂತ ದೊಡ್ಡ ಅಧಿಕಾರೀನಾ?"

"ಕೀಲಿ ನನ್ನ ಹತ್ರ ಇದೆ, ಅದಕ್ಕೆ. ನಾನು ಬರ್ದಿದ್ರೆ ಇವರು ಎಲ್ಲಿ ಕೂರ್ತಾರೆ, ಮೆಟ್ಟಿಲ ಮೇಲಾ?"

"ಕೇಳಿಸ್ಕೊಂಡ್ರಾ?" ಎಂದೆ. ನನ್ನ ಧ್ವನಿ ಬೀದಿಯ ಆಚೆ ಬದಿಗೂ ಹೋಗಿತ್ತಂತೆ. "ಬಹುಪಥ ಅಂದ್ರೆ ಈ ತಾತ. ಆರನೇ ನಂಬರು ಬಿರುದಲ್ಲ, ಬೀಗ ತೆಗೆಯೋ ಹೊತ್ತು. ಮೊದಲು ಬರೋನು ಜವಾನ, ಕೊನೆಗೆ ಬರೋನು ಯಜಮಾನ. ಇಷ್ಟು ಗೊತ್ತಿಲ್ದೆ ಇಪ್ಪತ್ತೆಂಟು ವರ್ಷ ಸರ್ವಿಸು ಮಾಡಿದೀರ. ನಿಮ್ಮ ಜ್ಯೇಷ್ಠತೆಗೆ ಬೆಂಕಿ ಹಾಕ."

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸತ್ಯವು ಕೊನೆಗೂ ಇವರ ಎದೆಗೆ ನಾಟಿತೆಂದು ನಾನು ಒಂದು ಕ್ಷಣ ನಂಬಿದೆ. ಅಂಥ ಕ್ಷಣಗಳಿಂದಲೇ ನನ್ನ ಬದುಕು ಹಾಳಾಗಿರುವುದು.

"ಹಾಗಾದ್ರೆ," ಎಂದರು ಅಳತೆಪಟ್ಟಿಯವರು ನಿಧಾನವಾಗಿ, "ನನ್ನನ್ನ ಎರಡಕ್ಕೆ ಹಾಕಿದ್ದು ಯಾರು? ಟಪಾಲಿನವರಿಗಿಂತ ಮೊದಲು ಬಂದು ನಾನು ಕಸ ಗುಡಿಸ್ಬೇಕಾ?"

"ನೀವು ಬೇಗ ಬರಬಹುದು ಸರ್, ನಿಮಗೆ ವಯಸ್ಸಾಗಿದೆ, ನಿದ್ದೆ ಕಮ್ಮಿ," ಎಂದರು ಮೇಡಂ. "ನನಗೆ ಎಪ್ಪತ್ತರ ಮೇಲೆ ಕೊಡಿ."

"ಎಂಬತ್ತು ನನಗೆ," ಎಂದರು ಹಾಜರಿಯವರು.

"ತೊಂಬತ್ತೊಂಬತ್ತು ನಂದು," ಎಂದರು ನಿರ್ದೇಶಕರು. "ಅದರ ವಿಷಯ ಚರ್ಚೆ ಬೇಡ. ನನ್ನನ್ನ ಒಂದಕ್ಕೆ ಹಾಕಿದೋರಿಗೆ ನೋಟೀಸು ಕೊಡ್ತೀನಿ."

"ಇನ್ನೊಂದು ಮಾತು," ಎಂದೆ, ನಗಬೇಕೋ ಗೋಡೆಗೆ ತಲೆ ಹೊಡೆಯಬೇಕೋ ತಿಳಿಯದೆ. "ಮಷಿನ್ನು ನಿಲ್ಲಿಸುವಾಗ ಕ್ರಮ ತಿರುಗಾಮುರುಗಾ. ಕೊನೆಗೆ ಬಂದೋರು ಮೊದಲು ಹೊರಡ್ತಾರೆ. ಬೀಗದೋನು ಎಲ್ಲರೂ ಹೋದ್ಮೇಲೆ."

ನಿರ್ದೇಶಕರ ಮುಖ ಅರಳಿತು. "ಇದು ವೈಜ್ಞಾನಿಕ ಪದ್ಧತಿ," ಎಂದರು. "ಮೊದಲೇ ಯಾಕೆ ಹೇಳಲಿಲ್ಲ?"

ನಾನು ನಿರ್ದೇಶಕರ ಕೈಯಿಂದ ಕೇಬಲ್ಲು ತೆಗೆದು ಸಿಕ್ಕಿಸಿ, ಕೀಲಿಮಣೆಯ ಮುಂದೆ ಕುಳಿತು ಬಹುಪಥವನ್ನು ಮರಳಿ ಆರಕ್ಕೆ ತಂದು, ಮಿಕ್ಕವರನ್ನು ಅವರವರ ಹಳೆಯ ಜಾಗದಲ್ಲಿರಿಸಿ, ಮೇಲೊಂದು ಸುಳ್ಳು ಸೇರಿಸಿ ಒಬ್ಬೊಬ್ಬರಿಗೂ ಹೇಳಿದೆ: ತಮ್ಮದೇ ಎಲ್ಲರಿಗಿಂತ ಕೊನೆಯ ಸಂಖ್ಯೆ ಎಂದು. ಯಾರೂ ಲೆಕ್ಕ ನೋಡಲಿಲ್ಲ. ಮಷಿನ್ನು ಎದ್ದಿತು. ಈ ಸಲ ತಪಾಸಣೆಯವರೇ ಹೋಗಿ ಕೇಬಲ್ಲು ಕಿತ್ತರು. ಸಿಕ್ಕಿಸಿ, ಹತ್ತೆಣಿಸಿ, ಇನ್ನೊಂದನ್ನು ಕಿತ್ತರು. ಮನೆ ಅಲ್ಲಾಡಲಿಲ್ಲ. ಬಾವಿಯ ನೀರೂ ತುಳುಕಲಿಲ್ಲ.

ಆದರೆ ಆಕೆಯ ನೋಟುಬುಕ್ಕಿನಲ್ಲಿ ಇನ್ನೂ ಒಂದು ಖಾಲಿ ಕಾಲಂ ಇತ್ತು.

"ಶನಿವಾರ ಈ ಕ್ರಮ ಬದಲಿಸಿದ್ದು ಯಾರು? ಯಾರ ಆದೇಶ?"

ನಿರ್ದೇಶಕರು ಭಾವನನ್ನು ನೋಡಿದರು. ಭಾವ ತಮ್ಮ ಚಪ್ಪಲಿಯನ್ನು ನೋಡಿದರು. ಆದೇಶ ನನ್ನ ಕಿಸೆಯಲ್ಲಿತ್ತು. ಅದರಲ್ಲಿ ನಿರ್ದೇಶಕರ ಅಕ್ಷರ ಒಂದೂ ಇರಲಿಲ್ಲ. ಇದ್ದದ್ದು ಭಾವನ ಸಹಿ. ಹೊರತೆಗೆದರೆ ಕಟ್ಟಕಡೆಯ ಸ್ಟಾಪಿನ ಬಸ್ಸಿಗೆ ಅವರನ್ನು ನಾನೇ ಹತ್ತಿಸಿದಂತೆ.

"ನಾನೇ," ಎಂದೆ. "ಕೀಲಿ ಒತ್ತಿದ್ದು ನನ್ನ ಬೆರಳು."

"ಆದೇಶ ಇರಲಿಲ್ವಾ?"

"ಇರಲಿಲ್ಲ. ನನ್ನ ತಲೆಗೆ ಹೊಳೀತು, ಮಾಡಿದೆ."

ಆಕೆ ದಪ್ಪ ಕನ್ನಡಕದೊಳಗಿನಿಂದ ನನ್ನನ್ನು ನೋಡಿದರು. "ಇಷ್ಟು ತಿಳಿದೋರಿಗೆ ಅಂಥದ್ದು ಹೊಳೆಯಲ್ಲ," ಎಂದು, ಆದರೂ ಬರೆದುಕೊಂಡರು. ಕಾಲಂ ತುಂಬಬೇಕಲ್ಲ. ತಾತ್ಕಾಲಿಕ ಯಂತ್ರಪಾಲಕನ ಸೇವೆಯನ್ನು ಈ ಕೂಡಲೇ ಮುಕ್ತಾಯಗೊಳಿಸಲಾಗಿದೆ ಎಂಬ ಕಾಗದ ಮೂರು ಗಂಟೆಗೆ ಬಂದಿತು. ನಿರ್ದೇಶಕರ ಪರವಾಗಿ ಭಾವ ಸಹಿ ಹಾಕಿದ್ದರು.

ಮರುದಿನ ಬೆಳಿಗ್ಗೆ ನಾನು ಚೀಲ ತುಂಬಲು ಕುಳಿತೆ. ಶರ್ಟುಗಳ ಮೇಲೆ ಬೂಟು ಇಟ್ಟದ್ದನ್ನು ಕಂಡು ಅಕ್ಕ ಚೀಲ ಕಿತ್ತುಕೊಂಡಳು.

"ಮಷಿನ್ನಿಗೆ ಕ್ರಮ ಹೇಳಿಕೊಡೋನ ಚೀಲ ನೋಡು. ಸರಿ, ಆ ಕಡೆ."

ಎಲ್ಲವನ್ನೂ ನೆಲಕ್ಕೆ ಸುರಿದಳು. ಶರ್ಟಿನ ಕಿಸೆಯಿಂದ ಆದೇಶದ ಕಾಗದ ಜಾರಿಬಿತ್ತು. ಆಕೆ ಬಿಡಿಸಿ ಓದಿದಳು. ಕೊನೆಯ ಸಾಲಿನ ಸಹಿಯ ಮೇಲೆ ಕಣ್ಣು ನಿಂತಿತು. ಹಜಾರದಲ್ಲಿ ಭಾವ ಪತ್ರಿಕೆಯನ್ನು ತಲೆಕೆಳಗಾಗಿ ಹಿಡಿದು ಕುಳಿತಿದ್ದರು. ನಾನು ಅಕ್ಕನ ಬಾಯಿಯಿಂದ ಬರಬಹುದಾದದ್ದಕ್ಕೆ ಸಿದ್ಧನಾದೆ. ಆಕೆ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಚೀಲದ ತಳದಲ್ಲಿಟ್ಟಳು.

"ಇದು ಮೊದಲು ಹೋಗ್ಲಿ," ಎಂದಳು. "ಯಾರಿಗೂ ಕಾಣಬಾರದ್ದು ಅಡಿಯಲ್ಲಿರಬೇಕು." ಅದರ ಮೇಲೆ ಬೂಟು, ಬೂಟಿನ ಮೇಲೆ ದಪ್ಪ ಪುಸ್ತಕ, ಅದರ ಮೇಲೆ ಶರ್ಟುಗಳು. ದಾರ ಬಿಗಿಯುತ್ತ ತಲೆಯೆತ್ತದೆ ಹೇಳಿದಳು: "ಹತ್ತನೇ ಸಲ ಸಾಮಾನು ಕಟ್ತಿದೀನಿ. ಈ ಸಲ ಒಂದೇ ಚೀಲ."

"ಕೋಪನಾ ಅಕ್ಕ?"

"ನಿನ್ನ ಮೇಲಲ್ಲ ಕಣೋ. ಆ ಹಾಳು ಕಚೇರಿ ಮೇಲೆ." ಮೂಗು ಒರೆಸಿಕೊಂಡಳು. "ನಿನ್ನ ಮೇಲೂ. ಮೊಹರು ಒತ್ತು ಅಂತ ನಿನಗೆ ಹೇಳಿದ್ದು ಯಾರು?"

ಹತ್ತೂವರೆಗೆ ಕಚೇರಿಯ ಮುಂದೆ ಹಾದೆ. ಬಾಗಿಲು ಹಾರು ಹೊಡೆದಿತ್ತು. ಮೆಟ್ಟಿಲ ಮೇಲೆ ಬೀಗದ ತಾತ ಒಬ್ಬನೇ ಕುಳಿತಿದ್ದ. ಒಳಗೆ ಮನುಷ್ಯರ ಸುಳಿವಿಲ್ಲ.

"ಎಲ್ಲಿ ತಾತ ಎಲ್ಲರೂ?"

ತಾತ ಗದ್ದದಿಂದ ತೋರಿಸಿದ. ಎದುರಿನ ಚಹಾದಂಗಡಿಯ ಕಂಬದ ಹಿಂದೆ ಅಳತೆಪಟ್ಟಿಯವರು ನಿಂತು ಇಣುಕುತ್ತಿದ್ದರು. ಔಷಧಿ ಅಂಗಡಿಯ ಒಳಗಿನಿಂದ ಟಪಾಲು ಮೇಡಂ ಅವರನ್ನು ಇಣುಕುತ್ತಿದ್ದರು. ಹಾಜರಿಯವರು ಹೊಲದ ಬೆದರುಬೊಂಬೆಯಂತೆ ಬಸ್ ತಂಗುದಾಣದಲ್ಲಿ ನಿಂತು ಮೂರನೆಯ ಬಸ್ಸನ್ನು ಬಿಟ್ಟಿದ್ದರು. ನಿರ್ದೇಶಕರ ಕಾರು ನನ್ನೆದುರಿಗೇ ಬೀದಿಯನ್ನು ಒಂದು ಸುತ್ತು ಹಾಕಿ, ಯಾರೂ ಒಳಗೆ ಹೋಗಿಲ್ಲವೆಂದು ಕಂಡು, ಇನ್ನೊಂದು ಸುತ್ತಿಗೆ ಹೊರಟಿತು.

"ಮಷಿನ್ನು?" ಎಂದೆ.

"ಏಳೂವರೆಗೇ ಎದ್ದಿದೆ," ಎಂದ ತಾತ. "ನಾವಿಬ್ಬರೇ ಕೆಲಸದಲ್ಲಿರೋದು."

ಹಿಂದಿನ ವಸತಿಯ ಕಿಟಕಿಯಲ್ಲಿ ಪರದೆ, ಚೌಕಟ್ಟಿಗೆ ಒಂದು ನೂಲೂ ಹೆಚ್ಚುಕಡಿಮೆಯಿಲ್ಲದೆ ಇಳಿಬಿದ್ದಿತ್ತು. ನಾನು ಬಸ್ ನಿಲ್ದಾಣಕ್ಕೆ ನಡೆದೆ. ಅಲ್ಲಿ ಮಾತ್ರ ಜಗತ್ತು ಹಳೆಯ ಕ್ರಮದಲ್ಲೇ ಇತ್ತು: ಬಸ್ಸು ನಿಲ್ಲುವ ಮೊದಲೇ ಎಲ್ಲರೂ ಮೊದಲಿಗರಾಗಲು ಒಬ್ಬರ ಕಾಲು ಒಬ್ಬರು ತುಳಿಯುತ್ತಿದ್ದರು. ನಾನು ಚೀಲವನ್ನು ಹೆಗಲಿಗೇರಿಸಿ, ಎಲ್ಲರೂ ಹತ್ತಿದ ಮೇಲೆ, ನಿರ್ದೇಶಕರ ಗಾಂಭೀರ್ಯದಿಂದ ಕೊನೆಯವನಾಗಿ ಹತ್ತಿದೆ. ಕೂರಲು ಜಾಗ ಸಿಗದೆ ಬಾಗಿಲ ಕಂಬಿ ಹಿಡಿದು ನಿಂತೆ.